ಹೊಳೆ ಇಳಿದ ಮೇಲಿನ ಮರೆವು

(ಸತ್ತೇಗಾಲದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮನುಷ್ಯಕುಲವು ಇತಿಹಾಸದಿಂದ ಪಾಠ ಕಲಿಯುತ್ತದೆಯೇ, ಇಲ್ಲವೇ ಮಾಡಿದ ತಪ್ಪನ್ನೇ ಮರಳಿ ಮರಳಿ ಮಾಡುತ್ತದೆಯೇ ಎಂಬುದು ಈ ದಿನದ ವಿಷಯ. ಇಂಥ ಪ್ರಶ್ನೆ ಎದ್ದಾಗ ರೋಮ್ ಸಾಮ್ರಾಜ್ಯದ ಪತನ, ಎರಡು ಮಹಾಯುದ್ಧಗಳು, ಹಿರೋಷಿಮಾ ಎಂದು ದೂರದ ನಿದರ್ಶನಗಳನ್ನು ಕೊಡುವುದು ವಾಡಿಕೆ. ಸತ್ತೇಗಾಲದವರು ಅಷ್ಟು ದೂರ ಹೋಗಬೇಕಾಗಿಲ್ಲ. ಊರಿನ ಮಗ್ಗುಲಲ್ಲಿಯೇ ಕಾವೇರಿ ಹರಿಯುತ್ತಾಳೆ. ಸ್ವಲ್ಪ ದೂರದಲ್ಲಿ ಕವಲೊಡೆದು ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. ಈ ಪ್ರಶ್ನೆಗೆ ಬೇಕಾದ ಸಾಕ್ಷ್ಯವೆಲ್ಲ ಈ ನದಿಯ ದಂಡೆಯಲ್ಲಿಯೂ, ಎದುರಿಗೆ ಕಾಣುವ ಬೆಟ್ಟಗಳಲ್ಲಿಯೂ ಇದೆ.

ಎರಡು ಫೆಬ್ರುವರಿಗಳು

ಮೊದಲು ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

1924ರ ಫೆಬ್ರುವರಿ 18ರಂದು ಮೈಸೂರು ಸಂಸ್ಥಾನವೂ ಮದರಾಸು ಸರ್ಕಾರವೂ ಕಾವೇರಿ ನೀರಿನ ಒಪ್ಪಂದಕ್ಕೆ ಸಹಿ ಹಾಕಿದವು. ನೀರು ಸಾಲದು ಎಂಬ ಆತಂಕದಿಂದ ಹುಟ್ಟಿದ ಒಪ್ಪಂದವದು. ಅದಾಗಿ ಸುಮಾರು ಐದು ತಿಂಗಳು ಕಳೆದಿತ್ತು. ಜುಲೈ ತಿಂಗಳಲ್ಲಿ ಕಾವೇರಿಗೆ ಮಹಾಪ್ರವಾಹ ಬಂದಿತು. ಅದೇ ಮಳೆ ಕೇರಳವನ್ನೂ ಮುಳುಗಿಸಿತು. ಅಲ್ಲಿಯ ಜನ ತಮ್ಮ ಕೊಲ್ಲಂ ಶಕೆಯ 1099ರ ಲೆಕ್ಕದಲ್ಲಿ ಅದನ್ನು 'ತೊಂಬತ್ತೊಂಬತ್ತರ ನೆರೆ' ಎಂದು ಇಂದಿಗೂ ನೆನೆಯುತ್ತಾರೆ.

2018ರ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕಾವೇರಿ ವಿವಾದದಲ್ಲಿ ಅಂತಿಮ ತೀರ್ಪು ನೀಡಿತು. ಜೂನ್ ತಿಂಗಳಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಇದೂ ಕೊರತೆಯ ಲೆಕ್ಕವೇ. ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದವು, ಕೇರಳ ಮತ್ತೆ ಮುಳುಗಿತು. ಕೃಷ್ಣರಾಜಸಾಗರ, ಕಬಿನಿ ಎರಡೂ ತುಂಬಿ, ತಿರುಮಕೂಡಲಿನಲ್ಲಿ ಒಂದಾದ ನೀರು ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿಯಂಥ ನದಿದಂಡೆಯ ಹಳ್ಳಿಗಳಿಗೆ ನುಗ್ಗಿತು. ಶಿವನಸಮುದ್ರದ ಹಳೆಯ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು.

ಎರಡು ಫೆಬ್ರುವರಿಗಳ ನಡುವೆ ಬಹುತೇಕ ಒಂದು ಶತಮಾನದ ಅಂತರವಿದೆ. ಎರಡು ಸಲವೂ ರಾಜ್ಯಗಳು ಬರದ ಕಾಗದವನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ನೆರೆ ಬಂದಿತು. ಇದು ಕಾಕತಾಳೀಯವೆಂದು ಹೇಳಬಹುದು; ತಿಂಗಳುಗಳ ಮಟ್ಟಿಗೆ ಕಾಕತಾಳೀಯವೇ ಸರಿ. ಆದರೆ ಬರದ ಚಿಂತೆಯಲ್ಲಿ ನೆರೆಯನ್ನು ಮರೆಯುವುದು, ನೆರೆ ಬಂದಾಗ ಬರವನ್ನು ಮರೆಯುವುದು ಕಾಕತಾಳೀಯವಲ್ಲ. ಅದು ರೂಢಿ.

ಹೊಳೆಯ ಮೇಲಿನ ಗಡಿ

ಈ ಜಗಳಕ್ಕೂ ಸತ್ತೇಗಾಲಕ್ಕೂ ಇರುವ ಸಂಬಂಧವನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಅರಿಯರು. 1956ರ ನವೆಂಬರ್ 1ರವರೆಗೆ ಈ ದಂಡೆ ಮೈಸೂರಿಗೆ ಸೇರಿರಲಿಲ್ಲ. ಕೊಳ್ಳೇಗಾಲ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಎದುರುದಂಡೆ ಮೈಸೂರು ಸಂಸ್ಥಾನ. ಇಲ್ಲಿ ಹೊಳೆಯೇ ಗಡಿ.

ಆ ಗಡಿಯನ್ನು ದಾಟಿಸಲೆಂದು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರರು ಶಿವನಸಮುದ್ರದ ನಡುಗಡ್ಡೆಗೆ ಎರಡೂ ಕಡೆಯಿಂದ ಸೇತುವೆ ಕಟ್ಟಿಸಿದರು. ಬಂಡೆಯ ತಳದಲ್ಲಿ ಕಲ್ಲುಗಂಬಗಳನ್ನು ನಿಲ್ಲಿಸಿ, ಮೇಲೆ ಕಲ್ಲಿನ ತೊಲೆಗಳನ್ನು ಹಾಸಿದ ಸರಳ ರಚನೆ ಅದು. ಕಾಡು ಬೆಳೆದು ಪಾಳುಬಿದ್ದಿದ್ದ ನಡುಗಡ್ಡೆಗೆ ಮತ್ತೆ ಯಾತ್ರಿಕರು ಬರತೊಡಗಿದರು. ಒಂದು ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು, ಇನ್ನೊಂದಕ್ಕೆ ಮದರಾಸು ಗವರ್ನರ್ ಲಷಿಂಗ್ಟನ್ನರ ಹೆಸರು. ಜನರ ಬಾಯಲ್ಲಿ ವೆಲ್ಲೆಸ್ಲಿ 'ವೆಸ್ಲಿ'ಯಾಗಿದ್ದಾನೆ. ಕಟ್ಟಿಸಿದವರ ಹೆಸರು ಬಹುಮಟ್ಟಿಗೆ ಮರೆತೇ ಹೋಗಿದೆ.

1924ರ ಒಪ್ಪಂದದ ಕಾಲಕ್ಕೆ ಸತ್ತೇಗಾಲದ ರೈತ ಮದರಾಸಿನ ಪ್ರಜೆ. 1956ರ ನಂತರ ಅದೇ ರೈತ, ಅದೇ ಮನೆಯಲ್ಲಿ ಕುಳಿತು, ಎದುರು ಪಕ್ಷದವನಾದ. ಹೊಲ ಒಂದು ಗೇಣೂ ಕದಲಲಿಲ್ಲ, ಹೊಳೆ ಹರಿವನ್ನು ಬದಲಿಸಲಿಲ್ಲ. ಬದಲಾದದ್ದು ನಕ್ಷೆ ಮಾತ್ರ. ನದಿ ಯಾರದು ಎಂದು ವಾದಿಸುವವರು ಈ ಊರಿಗೆ ಬಂದು ಒಂದು ದಿನ ಕುಳಿತರೆ ಒಳ್ಳೆಯದು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ ಎಂದು ಮೂರು ಕ್ಷೇತ್ರಗಳನ್ನು ಒಂದೇ ನೂಲಿನಲ್ಲಿ ಪೋಣಿಸಿದ ಭಕ್ತರಿಗೆ ಈ ನದಿ ಇಡಿಯಾಗಿ ಕಂಡಿತ್ತು. ಮಲೆಯ ಮಾದೇಶ್ವರನ ಬೆಟ್ಟಕ್ಕೆ ಇಂದಿಗೂ ಸೇಲಂ, ಈರೋಡು, ಧರ್ಮಪುರಿಗಳಿಂದ ಒಕ್ಕಲು ಬರುತ್ತದೆ.

ಚಿನ್ನಕ್ಕಾಗಿ ಹರಿದ ನೀರು

ಜಗಳದ ಬೇರು ಹುಡುಕಿದರೆ ಅದೂ ಶಿವನಸಮುದ್ರಕ್ಕೆ ಬಂದು ಮುಟ್ಟುತ್ತದೆ. ಎರಡು ಸರ್ಕಾರಗಳ ನಡುವೆ 1892ರಲ್ಲಿಯೇ ಒಂದು ಒಪ್ಪಂದವಾಗಿತ್ತು. ಆನಂತರ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಯೋಜನೆಯಂತೆ, 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರ ಕೆಲಸ ಮಾಡತೊಡಗಿತು. ಅಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಏಷ್ಯಾಕ್ಕೇ ಮಾದರಿಯೆನಿಸಿದ ಸಾಹಸವದು, ಹೊಗಳಿಕೆಗೆ ಯೋಗ್ಯ.

ಆದರೆ ನದಿ ವರ್ಷವಿಡೀ ಒಂದೇ ಸಮನೆ ಹರಿಯುವುದಿಲ್ಲ ಎಂಬುದು ಬೇಗನೆ ಅರಿವಿಗೆ ಬಂದಿತು. ಬೇಸಿಗೆಯಲ್ಲಿ ನೀರು ಕುಗ್ಗುತ್ತಿತ್ತು, ಗಣಿಯ ಬೇಡಿಕೆ ಕುಗ್ಗುತ್ತಿರಲಿಲ್ಲ. ಬೇಸಿಗೆಯಲ್ಲೂ ಯಂತ್ರ ತಿರುಗಬೇಕಾದರೆ ಮೇಲೆಲ್ಲಾದರೂ ನೀರನ್ನು ಹಿಡಿದಿಡಬೇಕು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾದುದಕ್ಕೆ ನೀರಾವರಿಯಷ್ಟೇ ಈ ವಿದ್ಯುತ್ತೂ ಕಾರಣ. ಮದರಾಸು ಆಕ್ಷೇಪಿಸಿತು, 1914ರಲ್ಲಿ ಗ್ರಿಫಿನ್ ಅವರ ಪಂಚಾಯತಿ ತೀರ್ಪು ಬಂದಿತು, ಅದೂ ಇತ್ಯರ್ಥವಾಗದೆ 1924ರ ಒಪ್ಪಂದಕ್ಕೆ ಬಂದು ನಿಂತಿತು. ಆ ಒಪ್ಪಂದದ ಕೆಲವು ಅಂಶಗಳನ್ನು ಐವತ್ತು ವರ್ಷಗಳ ಬಳಿಕ, ಅಂದರೆ 1974ರಲ್ಲಿ, ಮರುಪರಿಶೀಲಿಸಬೇಕಾಗಿತ್ತು. ಅಲ್ಲಿಂದ ಹೊಸ ಜಗಳ.

ಯಾವ ಚಿನ್ನಕ್ಕಾಗಿ ಈ ಓಟ ಮೊದಲಾಯಿತೋ ಆ ಗಣಿ 2001ರ ಫೆಬ್ರುವರಿ ಕೊನೆಯಲ್ಲಿ ಮುಚ್ಚಿತು. ಈಗ ಅಲ್ಲಿ ಉಳಿದಿರುವುದು ಗಾಳಿ ಬೀಸಿದರೆ ಏಳುವ ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು. ಗಣಿಯ ಆಯುಸ್ಸು ನೂರಿಪ್ಪತ್ತು ವರ್ಷ. ಅದಕ್ಕಾಗಿ ಎದ್ದ ಜಗಳ ಗಣಿಗಿಂತ ಹೆಚ್ಚು ಬಾಳುತ್ತಿದೆ.

ಮಳೆ ಬಂದರೆ ಮರೆವು

ವರ್ಷಗಳ ಪಟ್ಟಿಯನ್ನು ನೋಡಿ. 1991ರ ಡಿಸೆಂಬರಿನಲ್ಲಿ, ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬಳಿಕ ಗಲಭೆ. 1995-96ರಲ್ಲಿ ತಕರಾರು. 2002ರಲ್ಲಿ ಕಬಿನಿಯ ತೀರದಲ್ಲಿ ಪ್ರತಿಭಟನೆ, ರೈತನ ಸಾವು. 2012ರಲ್ಲಿ ಮತ್ತೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ. 2023ರ ಸೆಪ್ಟೆಂಬರಿನಲ್ಲಿ ಬಂದ್ ಮೇಲೆ ಬಂದ್. ಇವುಗಳಲ್ಲಿ ಹೆಚ್ಚಿನವು ಮಳೆ ಕೈಕೊಟ್ಟ ವರ್ಷಗಳು. ಇವುಗಳ ನಡುವಿನ ವರ್ಷಗಳಲ್ಲಿ ಏನಾಯಿತು? ಮಳೆ ಬಂದಿತು, ಅಣೆಕಟ್ಟು ತುಂಬಿತು, ಬಾಗಿನ ಅರ್ಪಿಸಲಾಯಿತು, ಕಡತ ಕಪಾಟಿಗೆ ಹೋಯಿತು.

2007ರ ಫೆಬ್ರುವರಿ 5ರಂದು ಕಾವೇರಿ ನ್ಯಾಯಮಂಡಳಿ ನೀಡಿದ ಅಂತಿಮ ಐತೀರ್ಪು ಸಾಮಾನ್ಯ ವರ್ಷದಲ್ಲಿ 740 ಟಿಎಂಸಿ ನೀರನ್ನು ಹಂಚಿತು. ಕರ್ನಾಟಕಕ್ಕೆ 270 ಇದ್ದುದನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ 284.75ಕ್ಕೆ ಏರಿಸಿತು, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದುದನ್ನು 192ರಿಂದ 177.25ಕ್ಕೆ ಇಳಿಸಿತು. ಮಳೆ ಕಡಿಮೆಯಾದ ವರ್ಷದಲ್ಲಿ ಪಾಲುಗಳನ್ನು ಪ್ರಮಾಣಾನುಸಾರ ಕಡಿತಗೊಳಿಸಬೇಕೆಂಬ ತತ್ತ್ವವಿದೆ. ಆದರೆ ಜಗಳ ನಡೆಯುವುದೆಲ್ಲ ಆ ತತ್ತ್ವದ ಲೆಕ್ಕದ ಮೇಲೆಯೇ. ಯಾವ ತಿಂಗಳಿಂದ ಕೊರತೆ ಎನ್ನಬೇಕು, ಯಾವ ಬೆಳೆಗೆ ಎಷ್ಟು, ಕುಡಿಯುವುದಕ್ಕೆ ಎಷ್ಟು ಎಂಬ ಲೆಕ್ಕ ಆಗುವುದು ಭತ್ತದ ಮಡಿ ಬಿರುಕು ಬಿಟ್ಟ ಮೇಲೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಎರಡು ಕಡೆಯ ಭಾಷೆಗಳಲ್ಲೂ ಅರ್ಥವಾಗುತ್ತದೆ.

2003ರಲ್ಲಿ ಬೇರೊಂದು ಪ್ರಯತ್ನ ನಡೆದಿತ್ತು. ಎರಡೂ ರಾಜ್ಯಗಳ ರೈತರು 'ಕಾವೇರಿ ಕುಟುಂಬ' ಎಂಬ ಹೆಸರಿನಲ್ಲಿ ಸೇರಿ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ನೋಡಿ, ಕೊರತೆಯ ವರ್ಷದ ಹಂಚಿಕೆಯ ಬಗ್ಗೆ ಮಾತನಾಡಿದರು. ತಂಜಾವೂರಿನ ಒಣಗಿದ ಗದ್ದೆಯನ್ನು ಮಂಡ್ಯದವರು ಕಂಡರು; ಮಂಡ್ಯದ ಬತ್ತಿದ ನಾಲೆಯನ್ನು ತಂಜಾವೂರಿನವರು ಕಂಡರು. ಅದರಿಂದ ಅಂತಿಮ ಪರಿಹಾರ ಹೊರಡಲಿಲ್ಲ, ನಿಜ. ಆದರೂ ಆ ಮಾತುಕತೆಯಲ್ಲಿ ಕಲ್ಲು ತೂರಿದವರಿಲ್ಲ ಎಂಬುದನ್ನು ಮರೆಯಬಾರದು.

ಬರದ ಭಯ ನೆರೆಯನ್ನು ಹೇಗೆ ಹೆಚ್ಚಿಸುತ್ತದೆ ಎಂಬುದನ್ನೂ ಗಮನಿಸಬೇಕು. ಮುಂದೆ ನೀರು ಸಿಕ್ಕೀತೋ ಇಲ್ಲವೋ ಎಂಬ ಆತಂಕದಿಂದ ಅಣೆಕಟ್ಟುಗಳನ್ನು ಕಂಠಮಟ್ಟ ತುಂಬಿಸಿಕೊಳ್ಳಲಾಗುತ್ತದೆ. ಪೂರ್ತಿ ತುಂಬಿದ ಮೇಲೆ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಸುರಿದರೆ ಬಂದ ನೀರನ್ನೆಲ್ಲ ಬಿಡದೆ ಗತ್ಯಂತರವಿಲ್ಲ. ಕಾವೇರಿ, ಕಬಿನಿ ಎರಡರ ನೀರೂ ಒಟ್ಟಿಗೆ ಬಂದರೆ ಅದು ಮೊದಲು ಬಡಿಯುವುದು ಕೊಳ್ಳೇಗಾಲದ ತಗ್ಗಿನ ಹಳ್ಳಿಗಳಿಗೆ. 2018ರ ನೆರೆ ಇಳಿದ ಮರುವರ್ಷವೇ, 2019ರ ಆಗಸ್ಟಿನಲ್ಲಿ, ಅದೇ ಹಳ್ಳಿಗಳಿಗೆ ಮತ್ತೆ ನೀರು ಬಂದಿತು. 2023ರಲ್ಲಿ ಬರವೆಂದು ಬೀದಿಗಿಳಿದ ನಾಡಿಗೆ 2024ರ ಮಳೆಗಾಲದಲ್ಲಿ ನೆರೆಯ ಚಿಂತೆ. ಅದೇ ಹಳ್ಳಿಗಳು, ಅದೇ ಪರಿಹಾರ ಕೇಂದ್ರ, ಅದೇ ಭರವಸೆ.

ಕಲಿತ ಪಾಠ, ತೆರೆಯದ ಪುಸ್ತಕ

ಹಾಗಾದರೆ ಮನುಷ್ಯ ಕಲಿಯುವುದೇ ಇಲ್ಲವೇ? ಹಾಗೆನ್ನುವುದು ಸತ್ಯಕ್ಕೆ ಅಪಚಾರ. ಮೈಸೂರು ಸೀಮೆಯ ಮುದುಕರು ಧಾತು-ಈಶ್ವರ ಬರ ಎಂದು ಕರೆಯುತ್ತಿದ್ದ 1876-78ರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅಳಿಯಿತು. ಆ ಹೆಣಗಳ ರಾಶಿಯಿಂದ ಒಂದು ಪಾಠ ಹುಟ್ಟಿತು. 1880ರ ಕ್ಷಾಮ ಆಯೋಗದ ಬಳಿಕ ಕ್ಷಾಮ ಸಂಹಿತೆಗಳು ರೂಪುಗೊಂಡವು. ಧಾನ್ಯದ ಬೆಲೆ ಏರಿದರೆ, ಜನ ಗುಳೆ ಹೊರಟರೆ, ಯಾವ ಅಧಿಕಾರಿ ಯಾವ ಕೆಲಸ ಮಾಡಬೇಕು ಎಂದು ಮೊದಲೇ ಬರೆದಿಡಲಾಯಿತು. ಕ್ಷಾಮ ಬಂದಾಗ ಯೋಚಿಸುವ ಬದಲು ಸುಭಿಕ್ಷದಲ್ಲಿ ಯೋಚಿಸಿಟ್ಟ ಉಪಾಯವದು. ಆನಂತರದ ಅನೇಕ ಬರಗಾಲಗಳಲ್ಲಿ ಅದು ಜೀವ ಉಳಿಸಿತು.

ಅದೇ ಸಂಹಿತೆ 1943ರಲ್ಲಿ ಬಂಗಾಳದ ಸರ್ಕಾರದ ಬಳಿಯೂ ಇತ್ತು. ಸರ್ಕಾರ ಕ್ಷಾಮವನ್ನು ಘೋಷಿಸಲಿಲ್ಲ, ಸಂಹಿತೆಯನ್ನು ಜಾರಿಗೆ ತರಲಿಲ್ಲ. ಲಕ್ಷಾಂತರ ಜನ ಸತ್ತರು. ಪಾಠ ಬರೆದಿತ್ತು; ಪುಸ್ತಕ ತೆರೆಯಲು ಮನಸ್ಸಿರಲಿಲ್ಲ.

ಜಪಾನಿನ ಅನೆಯೋಶಿ ಎಂಬ ಪುಟ್ಟ ಊರಿನ ಕಥೆ ಇದಕ್ಕೆ ವಿರುದ್ಧವಾದುದು. 1933ರ ಸುನಾಮಿಯ ಬಳಿಕ ಅಲ್ಲಿಯವರು ಇಳಿಜಾರಿನ ಮೇಲೆ ಒಂದು ಕಲ್ಲು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬಾರದೆಂದು ಕೆತ್ತಿಸಿದರು. ಎಪ್ಪತ್ತೆಂಟು ವರ್ಷಗಳ ಕಾಲ ಊರು ಆ ಮಾತನ್ನು ಮೀರಲಿಲ್ಲ. 2011ರ ಸುನಾಮಿ ಆ ಕಲ್ಲಿನ ಕೆಳಗೇ ನಿಂತಿತು, ಮನೆಗಳು ಉಳಿದವು. ಅದೇ ಕರಾವಳಿಯಲ್ಲಿ ಇಂಥ ಕಲ್ಲುಗಳು ಇನ್ನೂ ಅನೇಕ ಇದ್ದವು. ಎಷ್ಟೋ ಕಡೆ ಜನ ಅವುಗಳ ಕೆಳಗೆ ಮನೆ ಕಟ್ಟಿಕೊಂಡಿದ್ದರು.

ತರಗು ಬೆಂಕಿ

ಈಗ ಹೊಳೆಯಿಂದ ಬೆಟ್ಟದ ಕಡೆ ಮುಖ ತಿರುಗಿಸಬಹುದು. ವಿಪತ್ತಿಲ್ಲದ ಕಾಲದಲ್ಲಿ ವಿಪತ್ತಿಗೆ ಸಿದ್ಧವಾಗುವ ವಿದ್ಯೆ ಜಪಾನಿನಲ್ಲಿ ಮಾತ್ರ ಇತ್ತೆಂದು ಭಾವಿಸಬಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಅದು ತಲೆಮಾರುಗಳಿಂದ ಇತ್ತು. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತೇವ ಉಳಿದಿರುವಾಗಲೇ, ಉದುರಿದ ಎಲೆಗಳಿಗೆ ಸಣ್ಣದಾಗಿ ಹಚ್ಚುತ್ತಿದ್ದ ಬೆಂಕಿಗೆ ಅವರು 'ತರಗು ಬೆಂಕಿ' ಎನ್ನುತ್ತಾರೆ. ತರಗು ಸುಡುತ್ತದೆ, ಮರ ಸುಡುವುದಿಲ್ಲ. ಮೇವಿನ ಹುಲ್ಲು ಚಿಗುರುತ್ತದೆ, ನೆಲ್ಲಿಯನ್ನು ಹಿಂಡುವ ಬಂದಳಿಕೆ ಹತೋಟಿಯಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾರ್ಚ್-ಏಪ್ರಿಲಿನ ಬಿರುಗಾಳಿಯಲ್ಲಿ ದೊಡ್ಡ ಬೆಂಕಿಗೆ ಉರುವಲು ಉಳಿದಿರುವುದಿಲ್ಲ.

ಕಾಡಿನಲ್ಲಿ ಬೆಂಕಿ ಎಂದರೆ ಅಪರಾಧ ಎಂಬ ನಿಯಮ ಬ್ರಿಟಿಷರ ಕಾಲದ ಅರಣ್ಯ ಆಡಳಿತದ್ದು. ಬರ್ಮಾದ ತೇಗದ ಕಾಡುಗಳಲ್ಲಿಯೂ ಉತ್ತರದ ಸಾಲವೃಕ್ಷದ ಕಾಡುಗಳಲ್ಲಿಯೂ ಬೆಂಕಿಯನ್ನು ಪೂರ್ತಿ ತಡೆದಾಗ ಸಸಿಗಳು ಏಳದಿರುವುದನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅರಣ್ಯಾಧಿಕಾರಿಗಳೇ ಕಂಡರು. ಕೆಲವು ಕಡೆ ಮುಂಗಡ ಸುಡುವಿಕೆಯನ್ನು ತಾವೇ ಆರಂಭಿಸಿದರು. ಆ ಅರಿವು ಮುಂದಿನವರಿಗೆ ದಾಟಲಿಲ್ಲ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾದಾಗ ಸೋಲಿಗರು ಒಳಗಾಡಿನ ನೆಲೆಗಳನ್ನು ಬಿಡಬೇಕಾಯಿತು, ತರಗು ಬೆಂಕಿಯೂ ನಿಂತಿತು.

ಖಾಲಿಯಾದ ಜಾಗಕ್ಕೆ ಬಂದದ್ದು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಗಿಡವದು. ಈಗ ಬಿಳಿಗಿರಿಯಿಂದ ಮಾದೇಶ್ವರನ ಬೆಟ್ಟದವರೆಗೆ ಮೊಣಕಾಲಿಗಲ್ಲ, ಆಳೆತ್ತರಕ್ಕೆ ಹಬ್ಬಿದೆ. ಹುಲ್ಲಿಲ್ಲದೆ ಜಿಂಕೆ ಹೊಲಕ್ಕಿಳಿಯುತ್ತದೆ, ದನ ಕಾಡಿನ ಆಳಕ್ಕೆ ಹೋಗುತ್ತದೆ. ಹುಲಿ ದನವನ್ನು ಹಿಡಿದಾಗ ಸಿಟ್ಟಿನ ಕೈ ವಿಷದ ಸೀಸೆಯ ಕಡೆ ಚಾಚುತ್ತದೆ. 2025ರ ಜೂನ್ ತಿಂಗಳಲ್ಲಿ ಹನೂರು ತಾಲ್ಲೂಕಿನ ಮೀಣ್ಯಂ ಕಾಡಿನಲ್ಲಿ ತಾಯಿಹುಲಿಯೂ ನಾಲ್ಕು ಮರಿಗಳೂ ವಿಷವಿಕ್ಕಿದ ದನದ ಮಾಂಸ ತಿಂದು ಸತ್ತವು. ದನ ಕಳೆದುಕೊಂಡವನ ನೋವು ಸುಳ್ಳಲ್ಲ. ಆದರೆ ಆ ನೋವನ್ನು ಕೇಳುವ, ಪರಿಹಾರವನ್ನು ತಡವಿಲ್ಲದೆ ಕೊಡುವ ಏರ್ಪಾಡು ಮೊದಲೇ ಗಟ್ಟಿಯಾಗಿರಬೇಕಾಗಿತ್ತು. ಸತ್ತ ಮೇಲೆ ನಡೆಯುವ ತನಿಖೆ ಹುಲಿಗೂ ತಡ, ರೈತನಿಗೂ ತಡ.

2006ರ ಅರಣ್ಯ ಹಕ್ಕು ಕಾಯಿದೆಯ ಬಲದಿಂದ 2011ರ ಅಕ್ಟೋಬರಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಮಾನ್ಯತೆ ದೇಶದಲ್ಲಿಯೇ ಮೊದಲು. ತಪ್ಪನ್ನು ತಿದ್ದಿಕೊಂಡದ್ದಕ್ಕೆ ಇದೊಂದು ಸಾಕ್ಷಿ. ಆದರೆ ಹಕ್ಕುಪತ್ರ ಬಂದ ಮಾತ್ರಕ್ಕೆ ಹಳೆಯ ಕಾಡು ಬರುವುದಿಲ್ಲ. ಲಂಟಾನ ತುಂಬಿದ ಕಾಡಿಗೆ ಇಂದು ತರಗು ಬೆಂಕಿ ಇಟ್ಟರೆ ಅದು ನೆಲದಲ್ಲಿ ಉಳಿಯದೆ ಮರದ ತಲೆಗೇರಬಹುದು. ಇದೇ ಜಿಲ್ಲೆಯ ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ಎದ್ದ ಬೆಂಕಿ ಎಷ್ಟು ಬೇಗ ಕೈಮೀರಿತೆಂಬುದು ಎಲ್ಲರಿಗೂ ನೆನಪಿದೆ. ಮೊದಲು ಗಿಡ ಕೀಳಬೇಕು, ಅನುಭವಿಗಳ ಮಾತಿನಂತೆ ಸಣ್ಣ ಜಾಗದಲ್ಲಿ ಪರೀಕ್ಷಿಸಬೇಕು. ಅರ್ಧ ಶತಮಾನದ ಮರೆವನ್ನು ಒಂದು ದಿನದಲ್ಲಿ ಅಳಿಸಲಾಗುವುದಿಲ್ಲ.

ಪಾಠದ ಕಾಲ

ಈ ಎಲ್ಲ ನಿದರ್ಶನಗಳಿಂದ ಒಂದು ಮಾತು ಹೊರಡುತ್ತದೆ. ಮನುಷ್ಯನಿಗೆ ಬುದ್ಧಿ ಬರುವುದು ವಿಪತ್ತಿನಲ್ಲಿ. ಆದರೆ ಆ ಬುದ್ಧಿಯನ್ನು ಕಾರ್ಯಕ್ಕೆ ತರಬಹುದಾದ ಕಾಲ ವಿಪತ್ತು ಇಳಿದ ಮೇಲೆ ಬರುತ್ತದೆ. ಆಗ ಬುದ್ಧಿ ಇರುವುದಿಲ್ಲ. ಬರದಲ್ಲಿ ನೀರು ಹಂಚಲಾಗದು, ಹಂಚಲು ನೀರೇ ಇರುವುದಿಲ್ಲ. ನೆರೆಯಲ್ಲಿ ಊರನ್ನು ಎತ್ತರಕ್ಕೆ ಸಾಗಿಸಲಾಗದು, ಜೀವ ಉಳಿಸಿಕೊಂಡರೆ ಸಾಕು. ಏಪ್ರಿಲಿನಲ್ಲಿ ಬೆಟ್ಟ ಉರಿಯುವಾಗ ತರಗು ಗುಡಿಸಲಾಗದು. ಇತಿಹಾಸ ಮರುಕಳಿಸುತ್ತದೆ ಎಂಬ ಮಾತಿನ ಅರ್ಥ, ಈ ಎರಡು ಕಾಲಗಳ ನಡುವೆ ಪಾಠವನ್ನು ಹೊತ್ತು ದಾಟಿಸುವವರು ಇಲ್ಲವೆಂದೇ.

ದಾಟಿಸುವ ಕೆಲಸ ದೊಡ್ಡವರದು ಮಾತ್ರವಲ್ಲ. ಮುಂದಿನ ಬೇಸಿಗೆಯಲ್ಲಿ, ಹೊಳೆ ಸಣಕಲಾಗಿ ಹರಿಯುವಾಗ, ವಿದ್ಯಾರ್ಥಿಗಳು ದಂಡೆಯ ಹಳ್ಳಿಗಳಿಗೆ ಹೋಗಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಲಿ. 2018, 2019, 2024 ಎಂದು ವರ್ಷ ಬರೆದು ಶಾಲೆಯ ಗೋಡೆಯ ಮೇಲೆ, ದೇವಸ್ಥಾನದ ಕಂಬದ ಮೇಲೆ ಗೆರೆ ಎಳೆಯಲಿ. ಆ ಗೆರೆಯ ಕೆಳಗೆ ಹೊಸ ಮನೆಗೆ, ಹೊಸ ಅಂಗನವಾಡಿಗೆ ಪರವಾನಗಿ ಕೊಡಬೇಕೇ ಎಂಬ ಪ್ರಶ್ನೆ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ. ಅಣೆಕಟ್ಟು ತುಂಬಿ ಬಾಗಿನ ಅರ್ಪಿಸುವ ವರ್ಷವೇ ನೀರು ಬಳಕೆದಾರರ ಸಂಘಗಳು ಕುಳಿತು, ಅರ್ಧ ನೀರು ಬಂದರೆ ಯಾವ ಬೆಳೆ, ಕಾಲು ನೀರು ಬಂದರೆ ಯಾವ ಬೆಳೆ ಎಂದು ತೀರ್ಮಾನಿಸಲಿ. ಮಾದೇಶ್ವರನ ಬೆಟ್ಟಕ್ಕೆ ಬರುವ ಆಚೆಯ ರೈತನನ್ನು ಆ ವರ್ಷವೇ ಮಾತನಾಡಿಸಲಿ. ಬೆಟ್ಟದ ಪೋಡುಗಳಲ್ಲಿ ತರಗು ಬೆಂಕಿಯನ್ನು ಕಣ್ಣಾರೆ ಕಂಡ ಅಜ್ಜ ಅಜ್ಜಿಯರು ಈಗಲೂ ಇದ್ದಾರೆ. ಯಾವ ತಿಂಗಳು, ಯಾವ ಗಾಳಿ, ಎಷ್ಟು ತೇವ ಎಂಬುದು ಅವರ ನೆನಪಿನಲ್ಲಿದೆ. ಅದನ್ನು ಬರೆದಿಟ್ಟುಕೊಳ್ಳಲು ಇನ್ನು ಹೆಚ್ಚು ವರ್ಷಗಳಿಲ್ಲ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಅನೆಯೋಶಿಯ ಕಲ್ಲನ್ನು ನೆಟ್ಟವರು ಮನೆಮಠ ಕಳೆದುಕೊಂಡು ಬದುಕುಳಿದ ಬೆರಳೆಣಿಕೆಯ ಜನ.

ಶಿವನಸಮುದ್ರದ ಕಲ್ಲುಗಂಬಗಳು ಸುಮಾರು ಎರಡು ಶತಮಾನಗಳ ನೆರೆಯನ್ನು ಕಂಡಿವೆ. ಅವುಗಳಲ್ಲಿ ಕೆಲವು ಬಿದ್ದಿವೆ, ಮಿಕ್ಕವು ನಿಂತಿವೆ. ಮುಂದಿನ ನೆರೆ ಯಾವ ವರ್ಷವೆಂದು ಯಾರೂ ಹೇಳಲಾರರು. ಬರುತ್ತದೆ ಎಂಬುದನ್ನು ಮಾತ್ರ ಆ ಗಂಬಗಳು ಹೇಳುತ್ತಿವೆ. ಅದು ಬರುವ ಮೊದಲು ಸತ್ತೇಗಾಲದ ಸುತ್ತಿನ ಒಂದು ಶಾಲೆಯ ಗೋಡೆಯ ಮೇಲಾದರೂ ಗೆರೆ ಬಿದ್ದಿದ್ದರೆ, ಈ ದಿನದ ಪ್ರಶ್ನೆಗೆ ಉತ್ತರ ಆರಂಭವಾಯಿತೆಂದು ತಿಳಿಯಬಹುದು.